ಒಂದು ಪುಟಕ್ಕಾಗಿ ಮುರಿದ ಉಕ್ಕು

ನಮ್ಮ ಚಿಕ್ಕಪ್ಪನ ಕೆಲಸ ಉಕ್ಕು ಮುರಿಯುವುದಾಗಿತ್ತು. ತಮಾಷೆಗೆ ಹೇಳುತ್ತಿಲ್ಲ. ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಸ್ಸು ಹಿಡಿದು, ಲೋಹಗಳ ಪರೀಕ್ಷಾಲಯಕ್ಕೆ ಹೋಗಿ, ದಿನವಿಡೀ ಉಕ್ಕಿನ ತುಂಡುಗಳನ್ನು ಮುರಿದು ಸಂಜೆ ಮನೆಗೆ ಬರುತ್ತಿದ್ದರು. ಅಲ್ಲಿನವರು ಅವರಿಗೆ ಇಟ್ಟ ಹೆಸರು ಮುರಿಯಪ್ಪ. ಮನೆಯಲ್ಲಿ ಮಾತ್ರ ಒಂದು ಲೋಟವನ್ನೂ ಒಡೆದವರಲ್ಲ. ಆ ಖಾತೆ ನನ್ನದಾಗಿತ್ತು. ಎಂಜಿನಿಯರಿಂಗ್ ಓದಲು ಅವರ ಮನೆಯಲ್ಲಿದ್ದಷ್ಟು ವರ್ಷವೂ ಚಿಕ್ಕಮ್ಮ ನನ್ನ ಕೋಪಕ್ಕೆ ಹೆದರಿದ್ದಕ್ಕಿಂತ ನನ್ನ ಕೈಗೆ ಹೆದರಿದ್ದೇ ಹೆಚ್ಚು.

ಉಕ್ಕನ್ನು ಯಾಕೆ ಮುರಿಯಬೇಕು ಎಂದು ಕೇಳುವವರಿಗೆ ಮೊದಲು ಒಂದು ಪುಸ್ತಕದ ವಿಷಯ ಹೇಳಬೇಕು. ಯಂತ್ರಗಳ ವಿನ್ಯಾಸ ಮಾಡುವವರ ಮೇಜಿನ ಮೇಲೆ ದಪ್ಪನೆಯ ಕೈಪಿಡಿಯೊಂದು ಇರುತ್ತದೆ. ಯಾವ ಬೋಲ್ಟನ್ನು ಎಷ್ಟು ಬಿಗಿಯಬೇಕು, ಯಾವ ಬೇರಿಂಗು ಎಷ್ಟು ಭಾರ ಹೊರುತ್ತದೆ, ಯಾವ ಸ್ಪ್ರಿಂಗಿಗೆ ಎಂಥ ತಂತಿ, ಯಾವ ಉಕ್ಕನ್ನು ಎಷ್ಟು ಎಳೆದರೆ ತುಂಡಾಗುತ್ತದೆ ಎಂದು ಪುಟಪುಟಕ್ಕೂ ಅಂಕಿಗಳು, ಗೆರೆಗಳು, ಕೋಷ್ಟಕಗಳು. ಲಿಫ್ಟನ್ನು ಎತ್ತುವಾಗ ತಿರುಗುವ ಉಕ್ಕಿನ ದಂಡ, ಅಂದರೆ ಶಾಫ್ಟು, ಎಷ್ಟು ದಪ್ಪ ಇರಬೇಕೆಂದು ತಿಳಿಯಲು ಯಾರೂ ಲಿಫ್ಟು ಕಟ್ಟಿ, ಜನರನ್ನು ಹತ್ತಿಸಿ, ಬೀಳುತ್ತದೋ ಇಲ್ಲವೋ ಎಂದು ಕೆಳಗೆ ನಿಂತು ನೋಡುವುದಿಲ್ಲ. ಪುಟ ತೆರೆಯುತ್ತಾರೆ, ಅಂಕಿ ತೆಗೆದುಕೊಳ್ಳುತ್ತಾರೆ, ಪುಟ ಮುಚ್ಚುತ್ತಾರೆ. ಕಾಲೇಜಿನಲ್ಲಿ ನಾವೂ ಹಾಗೇ ಮಾಡುತ್ತಿದ್ದೆವು. ಆ ಅಂಕಿ ಎಲ್ಲಿಂದ ಬಂತು ಎಂದು ಒಬ್ಬರೂ ಕೇಳಿದ್ದಿಲ್ಲ. ಆಕಾಶದಿಂದ ಉದುರಿದೆ ಎಂದೇ ಎಲ್ಲರ ಭಾವನೆ.

ಒಂದು ಶನಿವಾರ ಚಿಕ್ಕಪ್ಪ ಕನ್ನಡಕ ಮರೆತು ಹೋಗಿದ್ದರು. ಅದನ್ನು ಕೊಡಲು ನಾನು ಪರೀಕ್ಷಾಲಯಕ್ಕೆ ಹೋದೆ. ಹಿಂಬದಿಯ ಉದ್ದನೆಯ ಕೋಣೆ. ಕಿಟಕಿಗಳಿಗೆ ಮಂಕು ಗಾಜು, ಕಾಲಿಟ್ಟರೆ ಅಂಗಾಲಿಗೆ ಸಣ್ಣ ನಡುಕ ತಾಗುವ ನೆಲ. ಗೋಡೆಯುದ್ದಕ್ಕೂ ಹೊಲಿಗೆ ಯಂತ್ರದಷ್ಟೇ ದೊಡ್ಡ ಯಂತ್ರಗಳು ಸಾಲಾಗಿ ನಿಂತಿದ್ದವು. ಒಂದೊಂದರಲ್ಲೂ ಎರಡೂ ತುದಿ ದಪ್ಪ, ಸೊಂಟ ಸಣ್ಣ ಇರುವ ಉಕ್ಕಿನ ತುಂಡೊಂದು ಗಿರ್ರನೆ ತಿರುಗುತ್ತಿತ್ತು. ಅದರ ಕೆಳಗೆ ತೂಕದ ಕಲ್ಲುಗಳು ತೂಗುತ್ತಿದ್ದವು, ಪಕ್ಕದಲ್ಲಿ ಎಷ್ಟು ಸುತ್ತಾಯಿತೆಂದು ಎಣಿಸುವ ಮೀಟರು ಓಡುತ್ತಿತ್ತು. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ನನ್ನನ್ನು ಒಂದು ಯಂತ್ರದ ಬಳಿ ಕರೆದರು.

"ತಂತೀನ ಆ ಕಡೆ ಈ ಕಡೆ ಬಗ್ಗಿಸಿ ಬಗ್ಗಿಸಿ ಮುರೀತೀವಲ್ಲ, ಅದೇ ಇದು. ಭಾರ ಕೆಳಗೆ ಎಳೀತಾ ಇದೆ. ಹಾಗಾಗಿ ಒಂದೊಂದು ಸುತ್ತಿಗೂ ಇದರ ಮೈ ಒಂದ್ಸಲ ಹಿಗ್ಗುತ್ತೆ, ಒಂದ್ಸಲ ಕುಗ್ಗುತ್ತೆ. ಕಣ್ಣಿಗೆ ಕಾಣಲ್ಲ ಅಷ್ಟೆ."

"ಯಾವಾಗ ಮುರಿಯುತ್ತೆ?"

"ಭಾರ ಜಾಸ್ತಿ ಇದ್ರೆ ಟೀ ಕುಡಿದು ಬರೋದ್ರೊಳಗೆ. ಕಡಿಮೆ ಇದ್ರೆ ವಾರಗಟ್ಟಲೆ ಬೇಕು. ಇನ್ನೂ ಕಡಿಮೆ ಮಾಡ್ತಾ ಹೋದ್ರೆ, ಒಂದು ಹಂತದ ಕೆಳಗೆ ಮುರಿಯೋದೇ ಇಲ್ಲ. ಆ ಹಂತ ಯಾವ್ದು ಅಂತ ಹುಡುಕೋದೇ ನನ್ನ ಕೆಲಸ."

ಮೂಲೆಯ ಯಂತ್ರವನ್ನು ತೋರಿಸಿ, ಅದು ಕಾಲೇಜಿನಲ್ಲಿ ನಾನು ಬರೆದ ಹಿಂದಿನ ಪರೀಕ್ಷೆಗಿಂತ ಮುಂಚಿನಿಂದಲೂ ತಿರುಗುತ್ತಿದೆ ಎಂದರು. ಒಂದು ತುಂಡು ಮುರಿದರೆ ನಕ್ಷೆಯ ಹಾಳೆಯ ಮೇಲೆ ಒಂದು ಚುಕ್ಕೆ. ಅಂಥ ಚುಕ್ಕೆಗಳೆಲ್ಲ ಸೇರಿದ ಮೇಲೆ ಅವುಗಳ ನಡುವೆ ಒಂದು ಗೆರೆ. ಆ ಗೆರೆಗೆ ಕೈಪಿಡಿಯಲ್ಲಿ ಒಂದು ಪುಟ. ನಾನು ಹಿಂದಿನ ವಾರ ಹೋಮ್‌ವರ್ಕಿನಲ್ಲಿ ಹತ್ತು ನಿಮಿಷ ಬಳಸಿ ಬಿಸಾಡಿದ್ದು ಅಂಥ ಒಂದು ಗೆರೆಯನ್ನು. ಅಲ್ಲಿ ನಿಂತಾಗ ನನಗೆ ಮೈ ಜುಮ್ಮೆಂದಿತು. ಇಷ್ಟು ದಪ್ಪದ ಪುಸ್ತಕ, ಅದರಲ್ಲಿ ಇಷ್ಟೊಂದು ಪುಟ, ಒಂದೊಂದು ಪುಟದ ಹಿಂದೆ ಎಲ್ಲೋ ಒಂದು ಕೋಣೆಯಲ್ಲಿ ಯಾರೋ ಒಬ್ಬರು ಹೀಗೆ ಕಾದು ಕುಳಿತಿದ್ದರು. ಒಬ್ಬರ ಹೆಸರೂ ಅದರಲ್ಲಿಲ್ಲ. ಮನೆಗೆ ಬಂದವಳು ಕೈಪಿಡಿಯನ್ನು ಮಂಚದ ಕೆಳಗಿನಿಂದ ತೆಗೆದು ಧೂಳು ಒರೆಸಿ ಮೇಜಿನ ಮೇಲಿಟ್ಟೆ.

ಚಿಕ್ಕಮ್ಮನಿಗೆ ಈ ಬೆರಗೆಲ್ಲ ಇರಲಿಲ್ಲ. ಅವರು ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಬೆಳಿಗ್ಗೆ ಕತ್ತರಿಸಿದ ಬಟ್ಟೆ ಸಂಜೆಗೆ ಅಂಗಿಯಾಗಿ ಯಾರದೋ ಮೈಮೇಲೆ ಹೋಗುವ ಕಸುಬು ಅವರದು.

"ವರ್ಷಗಟ್ಟಲೆ ಮುರೀತಾರಂತೆ, ಕೊನೆಗೆ ಒಂದು ಗೆರೆ ಎಳೀತಾರಂತೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ," ಎನ್ನುತ್ತಿದ್ದರು.

"ಇಲಿ ಸಿಕ್ಕೋದೂ ಸುಲಭ ಅಲ್ಲ," ಎಂದು ಚಿಕ್ಕಪ್ಪ ಊಟ ಮುಂದುವರಿಸುತ್ತಿದ್ದರು.

ನಾನು ಕೊನೆಯ ವರ್ಷದಲ್ಲಿದ್ದಾಗ ಅವರ ಕೈಯಲ್ಲಿದ್ದದ್ದು ಹೊಸ ಬಗೆಯ ಉಕ್ಕು. ಕ್ರೇನು, ಲಿಫ್ಟುಗಳ ಶಾಫ್ಟಿಗೆಂದೇ ಮಾಡಿದ್ದು. ಎಷ್ಟೋ ವರ್ಷದಿಂದ ಅದರ ತುಂಡುಗಳನ್ನು ಅವರು ಮುರಿಯುತ್ತಲೇ ಬಂದಿದ್ದರು. ಅದಕ್ಕೂ ಮುಂಚೆ ಅವರು ಮಾಡಿದ ಪರೀಕ್ಷೆಗಳೆಲ್ಲ ಬೇರೆಯವರು ಶುರು ಮಾಡಿದವು ಅಥವಾ ಬೇರೆಯವರು ಮುಗಿಸಿದವು. ಮೊದಲ ತುಂಡಿನಿಂದ ಕೊನೆಯ ತುಂಡಿನವರೆಗೆ ಪೂರ್ತಿ ಅವರದೇ ಆದ ಪುಟ ಇದೊಂದೇ. ಕೈಪಿಡಿಯ ಹೊಸ ಆವೃತ್ತಿ ಅಚ್ಚಿಗೆ ಹೋಗುವುದರಲ್ಲಿತ್ತು. ಅದು ಹಾಲು, ಪೇಪರುಗಳ ಹಾಗೆ ದಿನಾ ಬರುವಂಥದ್ದಲ್ಲ, ಒಂದು ಬಂದರೆ ಮುಂದಿನದಕ್ಕೆ ಮಕ್ಕಳು ದೊಡ್ಡವರಾಗಬೇಕು. ಚಿಕ್ಕಪ್ಪನ ನಿವೃತ್ತಿಯೂ ಅದೇ ವರ್ಷವಿತ್ತು. ಈ ಸಲ ಪುಟ ಸೇರದಿದ್ದರೆ ಅವರು ಕೆಲಸದಲ್ಲಿರುವಾಗ ಅದು ಸೇರುವುದಿಲ್ಲ. ಏನನ್ನೂ ಬಾಯಿಬಿಟ್ಟು ಬಯಸದ ಮನುಷ್ಯ, ಇದೊಂದನ್ನು ಮಾತ್ರ ಬಯಸುತ್ತಾರೆಂದು ನಮ್ಮ ಮನೆಯ ಗೋಡೆಗೂ ಗೊತ್ತಿತ್ತು.

ಹಾಳೆಯ ಮೇಲೆ ಚುಕ್ಕೆಗಳು ಒಂದೊಂದಾಗಿ ಬಂದು ಕುಳಿತವು. ಮೇಲಿನಿಂದ ಇಳಿಜಾರಾಗಿ ಬಂದು ಕೊನೆಗೆ ಮಟ್ಟಸವಾಗುವ ಗೆರೆ. ಆ ಮಟ್ಟಸವಾದ ಭಾಗವೇ ವಿನ್ಯಾಸಕಾರರಿಗೆ ಬೇಕಾದದ್ದು. ಅದರ ಕೆಳಗೆ ಭಾರ ಹಾಕಿದರೆ ಶಾಫ್ಟು ಬಾಳುತ್ತದೆ. ತಾಳಿದವನು ಬಾಳಿಯಾನು ಎಂದು ಯಾರೋ ಆ ಕೋಣೆಯ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು. ಕೊನೆಯ ಕಂತಿನ ತುಂಡುಗಳಲ್ಲಿ ಒಂದು ಮಾತ್ರ ತಾಳಲಿಲ್ಲ. ಮುರಿಯಬಾರದ ಭಾರಕ್ಕೇ, ಬೇಗನೆ ಮುರಿಯಿತು. ಅದರ ಚುಕ್ಕೆ ಉಳಿದವುಗಳ ಸಾಲು ಬಿಟ್ಟು ಕೆಳಗೆ ಬಿತ್ತು.

ಪರೀಕ್ಷಾಲಯದ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಕಡಿಮೆ ಮಾತಿನ, ಲೆಕ್ಕದಲ್ಲಿ ಗಟ್ಟಿಯಾದ ಹೆಂಗಸು. ಅವರು ಆ ಚುಕ್ಕೆಯನ್ನು ನೋಡಿ, ಒಂದೇ ಒಂದು ಹೀಗಾಗಿದೆ, ಇದನ್ನು ಇಡೋಣವೋ ಬಿಡೋಣವೋ ಎಂದು ಚಿಕ್ಕಪ್ಪನನ್ನೇ ಕೇಳಿದರು. ಚಿಕ್ಕಪ್ಪ ಇಡಲೇಬೇಕೆಂದರು. ಉಕ್ಕಿನೊಳಗೆ ಎಲ್ಲೋ ಕಸದ ಕಣವಿರಬಹುದು, ಕೊಳ್ಳುವವರ ಉಕ್ಕಿನಲ್ಲೂ ಅಂಥ ಕಣ ಇರಬಹುದು, ಉಕ್ಕು ಹೇಳಿದ್ದನ್ನು ಮುಚ್ಚಿಡುವುದು ಬೇಡ ಎಂದರು. ಮುರಿದ ಮುಖಗಳು ಒಂದಕ್ಕೊಂದು ಉಜ್ಜಿ ಸವೆದಿದ್ದರಿಂದ ಕಣವೇನೂ ಕಾಣಲಿಲ್ಲ. ಮೇಡಂ ಒಪ್ಪಿದರು. ಆ ಚುಕ್ಕೆಯ ಮರ್ಯಾದೆಗಾಗಿ ಗೆರೆಯನ್ನು ಕೆಳಗಿಳಿಸಿದರು. ಪುಟ ಅಚ್ಚಿನವರಿಗೆ ಹೋಯಿತು, ಕರಡು ಮನೆಗೂ ಬಂತು. ಚಿಕ್ಕಪ್ಪ ಅದನ್ನು ನನಗೆ ತೋರಿಸಿ, ಚಿಕ್ಕಮ್ಮನಿಗೆ ತೋರಿಸಿ, ಗಿರಾಕಿಯೊಬ್ಬರು ಅಳತೆ ಕೊಡಲು ಬಂದರೆ ಅವರಿಗೂ ತೋರಿಸಿದರು. ಆ ಗಿರಾಕಿ ಅದನ್ನು ಹೊಸ ಫ್ಯಾಷನ್ನಿನ ತೋಳಿನ ನಕ್ಷೆ ಎಂದುಕೊಂಡು, ಚೆನ್ನಾಗಿದೆ, ನನಗೂ ಹೀಗೇ ಹೊಲಿಯಿರಿ ಎಂದರು.

ಚಿಕ್ಕಪ್ಪನಿಗೆ ಮಾತ್ರ ಆ ಕಾಣದ ಕಣದ ಗೀಳು ಬಿಡಲಿಲ್ಲ. ರಜೆಯ ದಿನ ನೋಡಲೆಂದು ಆ ಮುರಿದ ತುಂಡಿನ ಎರಡು ಹೋಳನ್ನೂ ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದರು. ಮುಂದಿನ ಕೋಣೆಯಲ್ಲಿ ಬೆಳಕು ಚೆನ್ನಾಗಿತ್ತು. ಚಿಕ್ಕಮ್ಮನ ಕತ್ತರಿಸುವ ಮೇಜಿನ ಮೇಲೆ ಬಟ್ಟೆ ಸರಿಸಿ ಕುಳಿತು, ಭೂತಗನ್ನಡಿ ಹಿಡಿದು ಮುರಿದ ಮುಖವನ್ನು ನೋಡಿದ್ದೇ ನೋಡಿದ್ದು. ಕತ್ತರಿ ಹಿಡಿದು ಕಾದು ಕಾದು ಚಿಕ್ಕಮ್ಮನಿಗೆ ಸಾಕಾಯಿತು. ಒಂದು ಹೋಳನ್ನು ಎತ್ತಿ ತಿರುಗಿಸಿ ನೋಡಿದರು.

"ಇದರ ಮೇಲಿರೋದು ಏನ್ರೀ, ನಂಬರ್ರಾ?"

"ಹೂಂ. ಪ್ರತಿ ತುಂಡಿಗೂ ಇರುತ್ತೆ."

"ಅರ್ಧ ಇಲ್ಲಿದೆ. ಇನ್ನರ್ಧ ಆ ತುಂಡಿನ ಮೇಲಿರಬೇಕು."

ಚಿಕ್ಕಪ್ಪ ಎರಡೂ ಹೋಳುಗಳನ್ನು ಕೂಡಿಸಿ ಹಿಡಿದರು. ಎಂಟರ ಅಂಕೆ. ಬಿರುಕು ಅದರ ನಡುವೆಯೇ ಹಾದು ಹೋಗಿತ್ತು. ಮತ್ತೆ ಭೂತಗನ್ನಡಿ ಹಿಡಿದರು. ಮುರಿದ ಮುಖದ ಸವೆಯದ ಅಂಚಿನಲ್ಲಿ, ನೀರಿಗೆ ಕಲ್ಲು ಹಾಕಿದಾಗ ಏಳುವಂಥ ಸಣ್ಣ ಬಳೆಗಳಿದ್ದವು. ಅವೆಲ್ಲ ಶುರುವಾದದ್ದು ಆ ಎಂಟರ ಗಾಯದಿಂದ. ನಾನೂ ಬಗ್ಗಿ ನೋಡಿದೆ. ಒಂದೊಂದೇ ಬಳೆಯಾಗಿ ಬಿರುಕು ಬೆಳೆದ ದಿನಚರಿ ಅಲ್ಲಿ ಬರೆದಿತ್ತು. ಆ ಉಕ್ಕು ಸಾಯುವಾಗಲೂ ಲೆಕ್ಕ ಒಪ್ಪಿಸಿ ಸತ್ತಿದೆ ಎನ್ನಿಸಿತು.

ನಡೆದದ್ದು ಇಷ್ಟು. ತುಂಡಿನ ನಂಬರನ್ನು ಯಾವಾಗಲೂ ಅದರ ಚಪ್ಪಟೆ ತುದಿಯ ಮೇಲೆ, ಅಂಕೆಯ ಉಳಿ ಇಟ್ಟು ಸುತ್ತಿಗೆಯಿಂದ ಬಡಿದು ಒತ್ತುವುದು ರೂಢಿ. ಯಂತ್ರದ ಹಿಡಿಕೆಯಲ್ಲಿ ತುದಿ ಉಜ್ಜಿ ನಂಬರು ಅಳಿಸಿಹೋಗುತ್ತಿತ್ತು. ಹಿಂದೊಮ್ಮೆ ಎರಡು ತುಂಡುಗಳು ಅದಲುಬದಲಾಗಿದ್ದವು. ಮತ್ತೆ ಹಾಗಾಗಬಾರದೆಂದು ಚಿಕ್ಕಪ್ಪ ಕೊನೆಯ ಕಂತಿನಲ್ಲಿ ನಂಬರನ್ನು ಜಾಗ ಬದಲಿಸಿ, ದಪ್ಪ ಭಾಗ ಸಣ್ಣಗಾಗುತ್ತ ಸೊಂಟಕ್ಕೆ ಇಳಿಯುವ ಕಡೆ ಒತ್ತಿದ್ದರು. ಅಲ್ಲಿ ಯಾವುದೂ ಉಜ್ಜುವುದಿಲ್ಲ. ಆದರೆ ತುಂಡು ಬಾಗುವುದು ಅಲ್ಲೇ. ಅತಿ ಎಚ್ಚರಿಕೆಯ ಮನುಷ್ಯ ಮಾತ್ರ ಮಾಡಬಲ್ಲ ತಪ್ಪು ಅದು. ಮುರಿದ ಮುಖವನ್ನು ಎಲ್ಲರೂ ನೋಡಿದ್ದರು. ತಾನೇ ಬಡಿದ ನಂಬರನ್ನು ಯಾರು ತಿರುಗಿ ನೋಡುತ್ತಾರೆ?

"ಕತ್ತರಿ ಕಚ್ಚಿದ ಕಡೆಯೇ ಬಟ್ಟೆ ಹರಿಯೋದು," ಎಂದರು ಚಿಕ್ಕಮ್ಮ, ಮೆಲ್ಲಗೆ. ಅವರು ಬಟ್ಟೆ ಹರಿಯುವಾಗ ಮೊದಲು ಅಂಚಿಗೆ ಕತ್ತರಿಯಿಂದ ಸಣ್ಣ ಗಾಯ ಮಾಡಿಕೊಳ್ಳುತ್ತಿದ್ದರು. ಹೇಳಬಾರದಿತ್ತು ಎಂದು ಅವರಿಗೆ ಆಮೇಲೆ ಅನ್ನಿಸಿರಬೇಕು, ಟೀ ಮಾಡಲು ಒಳಗೆ ಹೋದರು.

ಚಿಕ್ಕಪ್ಪ ಎರಡೂ ಹೋಳುಗಳನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿದರು. ತಪ್ಪು ಒಂದು ತುಂಡಿನದಾಗಿದ್ದರೆ ಆ ಚುಕ್ಕೆ ತೆಗೆದರೆ ಮುಗಿಯುತ್ತಿತ್ತು. ಆದರೆ ಕೊನೆಯ ಕಂತಿನ ಎಲ್ಲ ತುಂಡುಗಳಿಗೂ ಅಲ್ಲೇ ನಂಬರು ಒತ್ತಿದ್ದರು, ಅವುಗಳ ಅಂಕಿಯನ್ನೂ ಇನ್ನು ನಂಬುವಂತಿರಲಿಲ್ಲ. ಗೆರೆಯ ಮಟ್ಟಸವಾದ ಭಾಗವೆಲ್ಲ ಆ ಕಂತಿನದೇ. ಅಷ್ಟನ್ನೂ ಹೊಸ ತುಂಡುಗಳಿಂದ ಮತ್ತೆ ಮಾಡಬೇಕು. ಒಂದೊಂದಕ್ಕೆ ವಾರಗಟ್ಟಲೆ. ಅಚ್ಚಿನವರು ಅಷ್ಟು ಕಾಯುವುದಿಲ್ಲ, ನಿವೃತ್ತಿಯಂತೂ ಯಾರಿಗೂ ಕಾಯುವುದಿಲ್ಲ.

ಟೀ ತಂದ ಚಿಕ್ಕಮ್ಮ ಅವರ ಎದುರು ಕುಳಿತರು. "ಗೆರೆ ಕೆಳಗೇ ಇದೆಯಲ್ಲ. ಯಾರಿಗೂ ಅಪಾಯ ಇಲ್ಲ ತಾನೆ?"

"ಇಲ್ಲ. ಸ್ವಲ್ಪ ದಪ್ಪ ಶಾಫ್ಟು ಮಾಡ್ತಾರೆ, ಅಷ್ಟೆ."

"ಮೂಗಿಗಿಂತ ಮೂಗುತಿ ಭಾರ ಆಗುತ್ತೆ. ಆಗ್ಲಿ. ಬೀಳೋಕಿಂತ ವಾಸಿ. ಬಿಟ್ಟುಬಿಡಿ."

ಅವರ ಕಣ್ಣಲ್ಲಿ ನೀರಿತ್ತು. ಬೆಟ್ಟ, ಇಲಿ ಎಂದು ಅಷ್ಟು ವರ್ಷ ಹಂಗಿಸಿದವರು ಆ ಒಂದು ಪುಟಕ್ಕಾಗಿ ಗಂಡನ ಹತ್ತಿರ ಅಂಗಲಾಚುತ್ತಿದ್ದರು.

"ದಪ್ಪ ಆದ್ರೆ ತೊಂದರೆ ಇಲ್ಲ," ಎಂದರು ಚಿಕ್ಕಪ್ಪ. "ಆದ್ರೆ ಆ ಪುಟ ತೆಗೆದವರು ಇದು ಉಕ್ಕಿನ ಮಾತು ಅಂತ ನಂಬ್ತಾರೆ. ಇದು ಉಕ್ಕಿನ ಮಾತಲ್ಲ. ನನ್ನ ಸುತ್ತಿಗೆ ಏಟು. ಇನ್ನೊಂದು ಏನು ಗೊತ್ತಾ, ನನ್ನ ಹಾಗೇ ಇನ್ಯಾರೋ ನಿಜವಾದ ಶಾಫ್ಟಿನ ಮೇಲೆ, ಅಂಥದೇ ಜಾಗದಲ್ಲಿ ನಂಬರು ಬಡೀತಾ ಇರ್ತಾರೆ. ಅವರಿಗೆ ಯಾರು ಹೇಳ್ಬೇಕು?"

ಮರುದಿನ ಬೆಳಿಗ್ಗೆ ಎಂದಿನಂತೆ ಇಸ್ತ್ರಿಯ ಅಂಗಿ ತೊಟ್ಟು, ಕರವಸ್ತ್ರದ ಗಂಟನ್ನು ಜೇಬಿಗೆ ಹಾಕಿಕೊಂಡು ಹೋದರು. ಸಂಜೆ ಬಂದು ನಡೆದದ್ದನ್ನು ಅವರೇ ಹೇಳಿದರು. ಮೇಡಂ ತುಂಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿದರಂತೆ. ಆಮೇಲೆ, "ನೀವು ನಂಬರಿನ ಜಾಗ ಬದಲಾಯಿಸ್ತೀನಿ ಅಂದಾಗ ಒಳ್ಳೇದು ಅಂದವಳು ನಾನೇ. ನನಗೂ ಹೊಳೀಲಿಲ್ಲ," ಎಂದು, ಅಚ್ಚಿನವರಿಗೆ ಫೋನು ಮಾಡಿ ಪುಟ ತೆಗೆಸಿದರಂತೆ. ಕೈಪಿಡಿಯ ಆವೃತ್ತಿ ಆ ಪುಟವಿಲ್ಲದೆ ಬಂತು.

ಉಳಿದ ತಿಂಗಳುಗಳಲ್ಲಿ ಚಿಕ್ಕಪ್ಪ ಹೊಸ ತುಂಡುಗಳನ್ನು ಮಾಡಿಸಿ, ಎಷ್ಟಾಗುತ್ತದೋ ಅಷ್ಟನ್ನು ಯಂತ್ರಕ್ಕೆ ಹಾಕಿದರು. ಅವರ ಜಾಗಕ್ಕೆ ಬಂದ ಪರೀಕ್ಷಕಿ ಚುರುಕಿನ ಹೆಂಗಸು, ಮೊದಲ ದಿನವೇ ಕಲಿತದ್ದು ನಂಬರು ಎಲ್ಲಿ ಒತ್ತಬಾರದು ಎಂಬುದನ್ನು. ಬೀಳ್ಕೊಡುಗೆಯ ದಿನ ಭಾಷಣಗಳಾದ ಮೇಲೆ ಚಿಕ್ಕಪ್ಪ ಹಿಂದಿನ ಕೋಣೆಗೆ ಹೋದರು. ನಾನೂ ಹಿಂದೆಯೇ ಹೋದೆ. ಅವರು ಹಾಕಿದ ತುಂಡುಗಳು ಇನ್ನೂ ತಿರುಗುತ್ತಿದ್ದವು. ಮುರಿಯುವುದನ್ನು ನೋಡಲು ಅವರು ಅಲ್ಲಿರುವುದಿಲ್ಲ, ಮುರಿಯದಿರುವುದನ್ನು ನೋಡಲೂ ಇರುವುದಿಲ್ಲ. ಒಂದೊಂದು ಯಂತ್ರದ ಮೇಲೂ ಅಂಗೈ ಇಟ್ಟು ನಡುಕ ನೋಡುತ್ತ ಸಾಲಿನ ಕೊನೆಯವರೆಗೆ ಹೋಗಿ, ದೀಪ ಆರಿಸಲು ಕೈಯೆತ್ತಿ, ಆರಿಸದೆ ಹೊರಗೆ ಬಂದರು.

ಆಮೇಲೆ ಅವರು ಆ ಪುಟದ ಮಾತೆತ್ತಲಿಲ್ಲ. ಚಿಕ್ಕಮ್ಮನ ಅಂಗಡಿಯಲ್ಲಿ ಗುಂಡಿ ಹಚ್ಚುವುದು, ಕಾಜಾ ಮಾಡುವುದು ಕಲಿತರು. ಬಟ್ಟೆಯನ್ನು ಎರಡೂ ಕೈಯಲ್ಲಿ ಎಳೆದು ನೋಡಿಯೇ ಗಿರಾಕಿಗೆ ಕೊಡುತ್ತಿದ್ದರು. ಮುರಿಯಪ್ಪ ಹೋಗಿ ಹರಿಯಪ್ಪ ಆಗಿದ್ದೀರಿ ಎಂದು ಚಿಕ್ಕಮ್ಮ ಬೈಯುತ್ತಿದ್ದರು. ನಾನು ಓದು ಮುಗಿಸಿ, ಸರಕು ಎತ್ತುವ ಯಂತ್ರಗಳನ್ನು ಮಾಡುವ ಕಂಪನಿಯೊಂದರಲ್ಲಿ ವಿನ್ಯಾಸದ ಕೆಲಸಕ್ಕೆ ಸೇರಿದೆ. ಕೈಪಿಡಿಯ ಅಂಕಿಯನ್ನು ಪುಟ ನೋಡದೆ ಬಾಯಿಪಾಠದಿಂದ ಬರೆಯುವವರ ಮೇಲೆ ಹರಿಹಾಯ್ದು, ಅಲ್ಲೂ ಮುಂಗೋಪಿ ಎಂಬ ಹೆಸರು ಗಳಿಸಿದೆ.

ವರ್ಷಗಳು ಕಳೆದು ಮುಂದಿನ ಆವೃತ್ತಿ ನಮ್ಮ ಕಚೇರಿಗೆ ಬಂದಾಗ ನಾನು ಪರಿವಿಡಿಯನ್ನೂ ನೋಡದೆ ಉಕ್ಕುಗಳ ಭಾಗಕ್ಕೆ ಹಾರಿದೆ. ಪುಟ ಅಲ್ಲಿತ್ತು. ಎದ್ದು ನಿಂತೆ, ಮತ್ತೆ ಕುಳಿತೆ. ಪಕ್ಕದ ಮೇಜಿನವರು ಏನಾಯ್ತು ಎಂದು ಕೇಳಿದರೆ ಪುಟವನ್ನೇ ಅವರ ಕಡೆ ತಿರುಗಿಸಿದೆ. ಆ ವಾರವೇ ಚಿಕ್ಕಪ್ಪ ಚಿಕ್ಕಮ್ಮನನ್ನು ಕಚೇರಿಗೆ ಕರೆಸಿದೆ.

ಇಬ್ಬರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದರು. ಚಿಕ್ಕಪ್ಪನಿಗೆ ನನ್ನ ಕುರ್ಚಿ ಕೊಟ್ಟು, ಪುಟ ತೆರೆದು ಮುಂದಿಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು, ಬೆರಳನ್ನು ಗೆರೆಯ ಮೇಲಿನ ತುದಿಯಲ್ಲಿಟ್ಟು ನಿಧಾನವಾಗಿ ಇಳಿಜಾರಿನಲ್ಲಿ ಇಳಿಸಿದರು. ಮಟ್ಟಸವಾದ ಕಡೆ ಬಂದಾಗ ಬೆರಳು ಇನ್ನೂ ನಿಧಾನವಾಯಿತು. ಗೆರೆ ಈಗ ಮೊದಲಿಗಿಂತ ಮೇಲಿತ್ತು. ಅದರ ಅಕ್ಕಪಕ್ಕ ಸಣ್ಣ ಸಣ್ಣ ಸೊನ್ನೆಗಳು. ನಂಬರಿನ ಜಾಗ ಬದಲಿಸುವ ಮುಂಚಿನ ಅವರ ಹಳೆಯ ತುಂಡುಗಳು, ಹೊರಡುವ ಮುಂಚೆ ಅವರು ಯಂತ್ರಕ್ಕೆ ಹಾಕಿ ಬಂದವು, ಆ ಪರೀಕ್ಷಕಿ ಆಮೇಲೆ ಮುರಿದವು, ಎಲ್ಲ ಒಟ್ಟಿಗೆ.

"ಇದರಲ್ಲಿ ನಿಮ್ದು ಯಾವ್ದು?" ಎಂದು ಚಿಕ್ಕಮ್ಮ ಪುಟದ ಮೇಲೆ ಬಗ್ಗಿದರು.

ಚಿಕ್ಕಪ್ಪ ಬಹಳ ಹೊತ್ತು ಹುಡುಕಿದರು. "ಗೊತ್ತಾಗ್ತಿಲ್ಲ," ಎಂದರು. ಮತ್ತೊಮ್ಮೆ ನೋಡಿ, "ಯಾವುದು ನಂದು, ಯಾವುದು ಆಯಮ್ಮಂದು, ಒಂದೂ ಗೊತ್ತಾಗ್ತಿಲ್ಲ," ಎಂದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬೇರೆ ಕೈ, ಬೇರೆ ವರ್ಷ, ಆದರೂ ಉಕ್ಕು ಇಬ್ಬರಿಗೂ ಒಂದೇ ಮಾತು ಹೇಳಿತ್ತು.

ಗೆರೆಗಿಂತ ಬಹಳ ಕೆಳಗೆ ಒಂದೇ ಒಂದು ಕಪ್ಪು ಚುಕ್ಕೆ ಒಂಟಿಯಾಗಿ ಕುಳಿತಿತ್ತು. ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಅದರ ವಿವರ: ಬಾಗುವ ಜಾಗದಲ್ಲಿ ಗುರುತಿನ ಅಂಕೆ ಒತ್ತಿದ ತುಂಡು, ಶಾಫ್ಟುಗಳ ಮೇಲೆ ಇಂಥ ಕಡೆ ಅಂಕೆ ಒತ್ತಬಾರದು. ಚಿಕ್ಕಪ್ಪ ಅದನ್ನು ಎರಡು ಸಲ ಓದಿದರು. ಆಮೇಲೆ ಚಿಕ್ಕಮ್ಮನ ಕೈ ಹಿಡಿದು, ಅವರ ಬೆರಳನ್ನು ಆ ಕಪ್ಪು ಚುಕ್ಕೆಯ ಮೇಲಿಟ್ಟರು.

"ಇದೊಂದು ನಂದು," ಎಂದರು. "ಉಳಿದಿದ್ದೆಲ್ಲ ಉಕ್ಕಿಂದು."